ಮದ್ದಿನ ಮನೆ ಮತ್ತು ನಮ್ಮ ಮನೆ

ಕಳೆದ ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ ದೇವರಾಯನದುರ್ಗಕ್ಕೆ ಹೋಗಿದ್ದೆ. ಯೋಗಾನರಸಿಂಹನ ದರ್ಶನ ಮುಗಿಸಿ, ಬಂಡೆಯ ಮೇಲೆ ಒಂದಿಷ್ಟು ಹೊತ್ತು ಗಾಳಿಗೆ ಮುಖವೊಡ್ಡಿ ಕೂತು ಇಳಿಯುವಷ್ಟರಲ್ಲಿ ಕತ್ತಲಾಗಿತ್ತು. ಇಳಿಜಾರಿನ ಒಂದು ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ನೋಡಿದರೆ ಪಶ್ಚಿಮದ ಬಯಲಿನಲ್ಲಿ ತುಮಕೂರು ದೀಪ ಹಚ್ಚಿಕೊಂಡು ಮಲಗಿತ್ತು. ಊರಿನ ಮೇಲೆ ಅಲ್ಲೊಂದು ಇಲ್ಲೊಂದು ಬೆಳಕಿನ ಹೂ ಅರಳಿ ಉದುರುತ್ತಿತ್ತು. ಒಂದು ಕೆಂಪು, ಒಂದು ಹಸಿರು, ಆಮೇಲೆ ಒಂದು ಬಿಳಿ. ಸದ್ದೇ ಇಲ್ಲ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಊರು ಅಲ್ಲಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು. ಸದ್ದು ಅಷ್ಟು ದೂರ ಬರಲು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು, ಬರುವಷ್ಟರಲ್ಲಿ ಅದರ ಶಕ್ತಿಯೂ ಸೋತಿರುತ್ತದೆ. ಕಾಡಿನಲ್ಲಿ ಜೀರುಂಡೆಗಳು ಮಾತ್ರ ಕೂಗುತ್ತಿದ್ದವು. ಎಷ್ಟು ಚಂದ ಅಂದುಕೊಂಡೆ.

ಅದೇ ಹೊತ್ತಿಗೆ ಅಮ್ಮನ ಫೋನು ಬಂತು. ‘ಎಲ್ಲಿದೀಯೋ? ಬೇಗ ಬಾ. ಕಿಟಕಿ ಬಾಗ್ಲು ಎಲ್ಲಾ ಹಾಕ್ಕೊಂಡು ನಡುಮನೇಲಿ ಕೂತಿದೀನಿ. ಮಹಡಿ ಮೇಲೆ ಒಣಗಾಕಿದ್ದ ಸೀರೆ ಮೇಲೆ ಬಾಣ ಬಿದ್ದು ಸುಟ್ಟೈತೆ. ಎದೆ ಇನ್ನೂ ಡವಡವ ಅಂತೈತೆ ನೋಡು.’ ಫೋನಿನೊಳಗೆ ಅಮ್ಮನ ದನಿಯ ಹಿಂದೆ ಸರಪಟಾಕಿ ಸಿಡಿಯುತ್ತಲೇ ಇತ್ತು. ನಾನು ಚಂದ ಅಂದುಕೊಂಡ ಆ ಹೂಗಳಲ್ಲಿ ಒಂದರ ಕೆಳಗೆ ಎಂಬತ್ತರ ಹತ್ತಿರದ ನನ್ನ ತಾಯಿ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಎರಡೂ ಒಂದೇ ಬೆಂಕಿ. ಒಂದು ಕಡೆಯಿಂದ ನೋಡಿದರೆ ಹೂ, ಇನ್ನೊಂದು ಕಡೆಯಿಂದ ಭಯ. ನಡುವೆ ಇದ್ದದ್ದು ದೂರ ಮಾತ್ರ. ಮಕ್ಕಳಿಗೆ ಇತಿಹಾಸ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಸ್ಕೂಟರ್ ಇಳಿಸುತ್ತಾ ಬರುವಾಗ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು: ನಮ್ಮ ನಾಡಿನಲ್ಲಿ ಆರು ನೂರು ವರ್ಷಗಳಿಂದ ಮದ್ದನ್ನು ಕೈಯಲ್ಲಿ ಹಿಡಿದವರಿಗೆ ಈ ದೂರದ ಲೆಕ್ಕ ಗೊತ್ತಿತ್ತೇ? ಗೊತ್ತಿದ್ದರೆ ನಾವು ಅದನ್ನು ಎಲ್ಲಿ ಕಳೆದುಕೊಂಡೆವು?

ಹುಡುಕಾಟವನ್ನು ದುರ್ಗದ ಹೆಸರಿನಿಂದಲೇ ಶುರುಮಾಡಬಹುದು. ಈ ಬೆಟ್ಟಕ್ಕೆ ಹಿಂದೆ ಆನೆಬಿದ್ದಸರಿ ಎಂಬ ಹೆಸರಿತ್ತು. ಆಮೇಲೆ ಜಡಕ ಎಂಬ ಪಾಳೆಯಗಾರನಿಂದ ಜಡಕನದುರ್ಗವಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದೇವರಾಯನದುರ್ಗ. ನಮ್ಮೂರಿನ ಎಷ್ಟೋ ಮಂದಿ ಈ ದೇವರಾಯ ವಿಜಯನಗರದವನು ಎಂದು ತಿಳಿದಿದ್ದಾರೆ. ಅದು ತಪ್ಪು. ಆದರೆ ನನ್ನ ಪ್ರಶ್ನೆಗೆ ಆ ತಪ್ಪೇ ದಾರಿ ತೋರಿಸಿತು. ಕನ್ನಡ ನಾಡಿನ ಬಾಣಬಿರುಸಿನ ಕಥೆ ಆರಂಭವಾಗುವುದು ವಿಜಯನಗರದ ಆ ಇನ್ನೊಬ್ಬ ದೇವರಾಯನ ಕಾಲದಲ್ಲಿ.

1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ. ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿಟ್ಟ. ಅಲ್ಲಿ ನಡೆದ ಬಾಣಬಿರುಸಿನ ಆಟಗಳನ್ನೆಲ್ಲ ಹೇಳಹೊರಟರೆ ಮುಗಿಯುವಂಥದ್ದಲ್ಲ ಎಂಬುದು ಅವನ ಮಾತಿನ ಸಾರ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಇನ್ನೂ ವಿವರವಾಗಿ ಹೇಳುತ್ತಾನೆ. ಹಬ್ಬದ ರಾತ್ರಿಗಳಲ್ಲಿ ಬಾಣಗಳನ್ನು ಹಾರಿಸುತ್ತಿದ್ದರು. ಕೋಟೆಯ ಆಕಾರ ಕಟ್ಟಿ ಅದಕ್ಕೆ ಬೆಂಕಿ ಕೊಟ್ಟರೆ ಅದು ಉರಿಯುತ್ತಾ ಒಳಗಿನಿಂದ ಸಿಡಿಗುಂಡುಗಳನ್ನೂ ಬಾಣಗಳನ್ನೂ ಉಗುಳುತ್ತಿತ್ತು. ಹಂಪಿಗೆ ಹೋದವರು ಮಹಾನವಮಿ ದಿಬ್ಬ ಹತ್ತಿಯೇ ಇರುತ್ತೀರಿ. ಇನ್ನೊಮ್ಮೆ ಹೋದಾಗ ದಿಬ್ಬದ ಮೇಲೆ ನಿಂತು ಸುತ್ತಲಿನ ಬಯಲನ್ನು ನೋಡಿ. ನೋಡುವವರಿಗೆ ಎತ್ತರ, ಆಟಕ್ಕೆ ಬಯಲು. ಹಬ್ಬ ರಾಜನದು, ಮದ್ದೂ ರಾಜನದು, ಹಚ್ಚುವವರು ಅದೇ ಕಸುಬಿನವರು. ಊರಿನ ಪ್ರತಿ ಮನೆಯ ಜಗಲಿಯಲ್ಲಿ ನಡೆಯುವ ಆಟ ಅದಾಗಿರಲಿಲ್ಲ.

ಈ ಇಬ್ಬರ ನಡುವೆ, ಹದಿನಾರನೆಯ ಶತಮಾನದ ಮೊದಲ ದಶಕದಲ್ಲಿ ಇಟಲಿಯ ವರ್ತೆಮಾ ಬಂದಿದ್ದ. ವಿಜಯನಗರದ ಯುದ್ಧದಾನೆಗಳ ಬಗ್ಗೆ ಬರೆಯುತ್ತಾ ಅವನೊಂದು ಮಾತು ಹೇಳುತ್ತಾನೆ: ಈ ಜನ ಬಾಣಬಿರುಸು ಮಾಡುವುದರಲ್ಲಿ ಪಳಗಿದವರು, ಆನೆಗಳಿಗೋ ಬೆಂಕಿಯೆಂದರೆ ವಿಪರೀತ ಹೆದರಿಕೆ, ಹಾಗಾಗಿ ಅವು ಕೆಲವೊಮ್ಮೆ ಯಾರ ಹಿಡಿತಕ್ಕೂ ಸಿಗದೆ ಓಡಿಬಿಡುತ್ತವೆ. ಪಟಾಕಿ ಸದ್ದಿಗೆ ಪ್ರಾಣಿಗಳು ಹೆದರುತ್ತವೆ ಎಂಬುದು ಈಚಿನ ಪ್ರಾಣಿದಯೆಯವರ ಹೊಸ ತಕರಾರು ಎಂದು ಯಾರಾದರೂ ಹೇಳಿದರೆ ನಾನು ವರ್ತೆಮಾನ ಹೆಸರು ಹೇಳುತ್ತೇನೆ. ಐನೂರು ವರ್ಷದ ಹಿಂದೆ, ಯುದ್ಧಕ್ಕೆಂದೇ ಪಳಗಿಸಿದ ಆನೆಯೇ ಓಡುತ್ತಿತ್ತು.

ಇಂಥ ಉಲ್ಲೇಖಗಳನ್ನೆಲ್ಲ ಒಂದೆಡೆ ಕಲೆಹಾಕಿದವರು ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸ ಪಿ. ಕೆ. ಗೋಡೆ. 1400ರಿಂದ 1900ರವರೆಗಿನ ಭಾರತದ ಬಾಣಬಿರುಸಿನ ಚರಿತ್ರೆಯನ್ನು ಕುರಿತ ಅವರ ಪುಟ್ಟ ಪುಸ್ತಕ 1953ರಲ್ಲಿ ಪ್ರಕಟವಾದದ್ದು ನಮ್ಮ ಬೆಂಗಳೂರಿನ ಬಸವನಗುಡಿಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಿಂದ. ಒಡಿಶಾದ ಗಜಪತಿ ಪ್ರತಾಪರುದ್ರನ ಹೆಸರಿನಲ್ಲಿರುವ ಕೌತುಕಚಿಂತಾಮಣಿ ಎಂಬ ಸಂಸ್ಕೃತ ಗ್ರಂಥದಲ್ಲಿ ಬಾಣಬಿರುಸು ತಯಾರಿಸುವ ಪಾಕಗಳಿರುವುದನ್ನು ಗೋಡೆ ಎತ್ತಿ ತೋರಿಸಿದರು. ಪಟಾಕಿಯಿಲ್ಲದ ದೀಪಾವಳಿ ಅನಾದಿ ಕಾಲದಿಂದ ಇರಲೇ ಇಲ್ಲ ಎನ್ನುವವರೂ, ಪಟಾಕಿ ನಮ್ಮದೇ ಅಲ್ಲ ಎನ್ನುವವರೂ ಓದಬೇಕಾದ ಪುಸ್ತಕ. ದೀಪ ಬಹಳ ಹಳೆಯದು, ಮದ್ದು ಅದಕ್ಕಿಂತ ಎಷ್ಟೋ ಈಚಿನದು. ಆದರೆ ಆರು ಶತಮಾನ ನಮ್ಮೊಡನೆ ಇದ್ದದ್ದನ್ನು ಪರಕೀಯ ಎನ್ನುವುದೂ ಸರಿಯಲ್ಲ.

ಮದ್ದು ಎಂಬ ಪದವನ್ನೇ ನೋಡಿ. ಕೆಮ್ಮಿಗೆ ಅಜ್ಜಿ ಅರೆದುಕೊಡುವುದೂ ಮದ್ದು, ತೋಪಿಗೆ ತುಂಬುವುದೂ ಮದ್ದು. ಚೀನೀ ಭಾಷೆಯಲ್ಲಿಯೂ ಸಿಡಿಮದ್ದಿನ ಹೆಸರಿಗೆ ಬೆಂಕಿಯ ಔಷಧಿ ಎಂದೇ ಅರ್ಥ. ಅಲ್ಲಿ ಅದು ಹುಟ್ಟಿದ್ದು ಸಾವಿಲ್ಲದ ಬದುಕಿಗಾಗಿ ರಸೌಷಧ ಹುಡುಕುತ್ತಿದ್ದವರ ಕೈಯಲ್ಲಿ. 1044ರ ಹೊತ್ತಿಗೆ ಚೀನಾದ ಯುದ್ಧಶಾಸ್ತ್ರದ ಗ್ರಂಥವೊಂದರಲ್ಲಿ ಅದರ ಪಾಕ ಬರೆದಿಟ್ಟಾಗಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು: ಮೂರೇ ಸಾಮಾನು. ನೂರು ಭಾಗದಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಪೆಟ್ಲುಪ್ಪು ತನ್ನೊಳಗೇ ಉಸಿರು ಇಟ್ಟುಕೊಂಡಿರುವುದರಿಂದ ಈ ಬೆಂಕಿಗೆ ಹೊರಗಿನ ಗಾಳಿ ಬೇಕಿಲ್ಲ. ಒಲೆಯ ಬೆಂಕಿಯನ್ನು ಗೋಣಿಚೀಲ ಮುಚ್ಚಿ ನಂದಿಸಬಹುದು. ಮದ್ದಿನ ಬೆಂಕಿಯನ್ನು ಮುಚ್ಚಿದರೆ ಅದು ಇನ್ನೂ ಜೋರಾಗಿ ಸಿಡಿಯುತ್ತದೆ. ಮುಚ್ಚಿದ ಕೋಣೆಯೇ ಅದರ ಆಯುಧ. ಮುಂದೆ ಬರುವ ಎಲ್ಲ ದುರಂತಗಳೂ ಈ ಒಂದು ಗುಣದಿಂದ ಹುಟ್ಟಿದವು.

ಮದ್ದಿನ ಗುಣವನ್ನು ನಮ್ಮ ನಾಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಹೈದರ್ ಮತ್ತು ಟಿಪ್ಪುವಿನ ಬಾಣಗಾರರು. ಬಿದಿರಿನ ಅಥವಾ ಕಾಗದದ ಕೊಳವೆಯ ಬದಲು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಉದ್ದದ ಬಿದಿರಿಗೆ ಬಿಗಿದು ಹಾರಿಸುತ್ತಿದ್ದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಹಾಗಾಗಿ ಬಾಣ ಒಂದು ಕಿಲೋಮೀಟರನ್ನೂ ಮೀರಿ ಹಾರುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೇನೆಯ ಮದ್ದಿನ ಬಂಡಿಗಳು ಸ್ಫೋಟಿಸಿ ಇಂಗ್ಲಿಷರು ಸೋತರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆಯ ಮೇಲೆ ಆ ಸ್ಫೋಟದ ಚಿತ್ರ ಈಗಲೂ ಇದೆ. ಅದೇ ಆಳ್ವಿಕೆಯ ಕುದುರೆಗಳು ನಮ್ಮ ಕುಣಿಗಲ್ಲಿನಲ್ಲಿ ಬೆಳೆಯುತ್ತಿದ್ದವು. ಅಲ್ಲಿನ ಕುದುರೆ ಫಾರಂನ ಮೂಲವನ್ನು ಆ ಕಾಲಕ್ಕೇ ಒಯ್ಯುತ್ತಾರೆ. ವೈರಿಯ ಕುದುರೆಗಳನ್ನು ಬೆದರಿಸಿ ಚದುರಿಸುವುದು ಬಾಣದ ಮುಖ್ಯ ಕೆಲಸಗಳಲ್ಲೊಂದು. ಗುರಿ ಹಿಡಿದು ಒಬ್ಬನನ್ನು ಹೊಡೆಯುವ ಸಾಧನವಲ್ಲ ಅದು. ಒಂದು ಗುಂಪಿನ ನಡುವೆ ಬಿದ್ದು ಗಾಬರಿ ಎಬ್ಬಿಸುವ ಸಾಧನ.

ಬಾಣಕ್ಕೆ ಗುರಿಯಿಲ್ಲ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಆಗ ನನಗೆ ಹನ್ನೊಂದು. ದೀಪಾವಳಿಗೆ ಗುಬ್ಬಿ ಸೀಮೆಯ ಅಜ್ಜಿಯ ಊರಿಗೆ ಹೋಗಿದ್ದೆವು. ಸೋದರಮಾವ ಗುಬ್ಬಿ ಪೇಟೆಯಿಂದ ಒಂದು ಕಟ್ಟು ರಾಕೆಟ್ ತಂದಿದ್ದ. ಖಾಲಿ ಬಾಟಲಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಹಾರಿಸಿದೆವು. ನಾಲ್ಕನೆಯದಕ್ಕೆ ನಾನು ಊದುಬತ್ತಿ ತಾಗಿಸಿ ಓಡುವಾಗ ಬಾಟಲಿ ವಾಲಿತು. ಬಾಣ ಮೇಲೆ ಹೋಗಲಿಲ್ಲ. ನೆಲಕ್ಕೆ ಸಮವಾಗಿ ಸುಯ್ಯೆಂದು ಹೋಗಿ ಪಕ್ಕದ ಮನೆಯ ದನದ ಕೊಟ್ಟಿಗೆಯ ಮಾಡಿನೊಳಗೆ ಹೊಕ್ಕಿತು. ತೆಂಗಿನ ಸೋಗೆ ಹೊದಿಸಿದ ಮಾಡು. ಎರಡು ನಿಮಿಷದಲ್ಲಿ ಹತ್ತಿಕೊಂಡಿತು. ಜನ ಬಾವಿಯಿಂದ ಕೊಡಪಾನಗಳಲ್ಲಿ ನೀರು ತಂದರು. ಯಾರೋ ಕುಡುಗೋಲಿನಲ್ಲಿ ಕರುವಿನ ಹಗ್ಗ ಕೊಯ್ದರು. ಎತ್ತುಗಳು ಹೊರಗೆ ಬಂದವು. ಒಳಗಿನ ಮೂಲೆಯಲ್ಲಿದ್ದ ಕೆಂದ ಹಸುವನ್ನು ಎಳೆದು ತರುವಷ್ಟರಲ್ಲಿ ಉರಿಯುವ ಸೋಗೆಯೊಂದು ಅದರ ಬೆನ್ನ ಮೇಲೆ ಬಿದ್ದಿತ್ತು.

ಹಸು ಸಾಯಲಿಲ್ಲ. ಮರುದಿನ ಬಲಿಪಾಡ್ಯಮಿ. ಊರಿನ ದನಗಳಿಗೆಲ್ಲ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಣೆಗೆ ಅರಿಶಿನ ಕುಂಕುಮ ಇಟ್ಟರು. ಆ ಹಸುವಿಗೆ ಅರಿಶಿನ ಹಚ್ಚಿದ್ದು ಬೆನ್ನಿನ ಗಾಯಕ್ಕೆ. ನಮ್ಮಜ್ಜ ಸೋಗೆ, ಬಿದಿರು ಕೊಟ್ಟು, ಆಳು ಕರೆದು ಒಂದು ವಾರದಲ್ಲಿ ಮಾಡು ಕಟ್ಟಿಸಿಕೊಟ್ಟರು. ಪಕ್ಕದ ಮನೆಯ ಯಜಮಾನರನ್ನು ನಾವು ಮಕ್ಕಳು ತಾತ ಎಂದೇ ಕರೆಯುತ್ತಿದ್ದೆವು. ಬೈಗುಳ ಕಾದು ತಲೆತಗ್ಗಿಸಿ ನಿಂತ ನನಗೆ ಅವರು ಹೇಳಿದ್ದು ಇಷ್ಟೇ: ‘ಎಲ್ಲಿಗೋಗ್ಬೇಕು ಅಂತ ಅದಕ್ಕೇನು ಗೊತ್ತು ಮಗಾ, ಬಿಟ್ಟೋನಿಗೆ ಗೊತ್ತಿರಬೇಕು.’ ಬೈದಿದ್ದರೆ ಮರೆಯುತ್ತಿದ್ದೆನೇನೋ. ಮುಂದಿನ ಬೇಸಿಗೆ ರಜೆಗೆ ಹೋದಾಗಲೂ ಆ ಹಸುವಿನ ಬೆನ್ನ ಮೇಲೆ ಕೂದಲು ಬರದ ಬೋಳು ಪಟ್ಟಿಯಿತ್ತು. ಬೀಡಿಗೆ ಕಡ್ಡಿ ಗೀರಿದರೂ ಬೆಚ್ಚುತ್ತಿತ್ತು.

ಇತಿಹಾಸ ಓದತೊಡಗಿದ ಮೇಲೆ ನನಗೆ ಅರ್ಥವಾದದ್ದು, ತಾತನ ಮಾತನ್ನು ರಾಜ್ಯಗಳೂ ಸೈನ್ಯಗಳೂ ಬಹಳ ನಷ್ಟ ಅನುಭವಿಸಿ ಕಲಿತಿವೆ ಎಂಬುದು. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿದ್ದೀರಾ? ಅರ್ಧ ನೆಲದೊಳಗೆ ಹೂತಂತೆ, ಇಟ್ಟಿಗೆ ಗಾರೆಯ ದಪ್ಪ ಗೋಡೆ ಕಟ್ಟಿ, ಕೋಟೆಯ ಅಂಚಿನಲ್ಲಿ ಕೂರಿಸಿದ ಕಟ್ಟಡಗಳು. ಬೆಂಗಳೂರು ಮೈಸೂರು ಜೋಡಿ ರೈಲು ಹಳಿಗೆ ಅಡ್ಡವಾದ ಒಂದನ್ನು 2017ರಲ್ಲಿ ಕೆಡವದೆ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಇನ್ನೂರು ವರ್ಷ ಕಳೆದರೂ ಹಾಗೆ ಎತ್ತಿಡಬಹುದಾದಷ್ಟು ಗಟ್ಟಿ ಕೆಲಸ. ಮದ್ದಿಗೆ ಮನುಷ್ಯರ ಮನೆಗಿಂತ ಗಟ್ಟಿಯಾದ, ಮನುಷ್ಯರ ಮನೆಯಿಂದ ದೂರವಾದ ಒಂದು ಮನೆ ಬೇಕು ಎಂದು ಕಟ್ಟಿಸಿದವರಿಗೆ ಗೊತ್ತಿತ್ತು. ಹಾಗಿದ್ದೂ 1799ರ ಮೇ 2ರಂದು ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ಬಾಣದ ಉಗ್ರಾಣಕ್ಕೆ ತಗುಲಿ ಭಾರೀ ಸ್ಫೋಟವಾಯಿತು. ಎರಡು ದಿನದ ಮೇಲೆ ಕೋಟೆ ಬಿತ್ತು.

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಒಂದು ಒಣಬಾವಿಯಿಂದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಬಾಣಗಳು ಸಿಕ್ಕವು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಬರುತ್ತಿದ್ದದ್ದೇ ಅಗೆಯಲು ಕಾರಣವಾಯಿತು ಎಂದು ಪುರಾತತ್ವ ಇಲಾಖೆಯವರು ಆಗ ಹೇಳಿದ್ದರು. ಎರಡು ಶತಮಾನ ಮಳೆನಾಡಿನ ಮಣ್ಣಿನಲ್ಲಿ ಹೂತಿದ್ದರೂ ಮದ್ದು ತನ್ನ ಇರವನ್ನು ತಿಳಿಸುತ್ತಿತ್ತು.

ನಮ್ಮ ಬಾಣ ಮುಂದೆ ಸಮುದ್ರ ದಾಟಿತು. ಅದನ್ನು ನೋಡಿ ಕಲಿತ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನದೇ ರಾಕೆಟ್ ಮಾಡಿದ. 1807ರಲ್ಲಿ ಇಂಗ್ಲಿಷ್ ಸೈನ್ಯ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆ ಗುಂಡುಗಳ ಜೊತೆಗೆ ಈ ರಾಕೆಟ್‌ಗಳನ್ನೂ ಸುರಿಸಿತು. ಊರಿಗೆ ಊರೇ ಹೊತ್ತಿ ಉರಿಯಿತು, ನೂರಾರು ನಾಗರಿಕರು ಸತ್ತರು. ಮೈಸೂರಿನ ಬಾಣವೇ ಪ್ರಪಂಚದ ರಾಕೆಟ್ ವಿಜ್ಞಾನಕ್ಕೆ ಮೆಟ್ಟಿಲು ಎಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಅದೇ ಬಾಣದ ಸಂತತಿ ಜನರ ಮನೆಗಳ ಮೇಲೆ ಬಿದ್ದಾಗ ಏನಾಯಿತು ಎಂಬ ಪುಟವನ್ನೂ ತರಗತಿಯಲ್ಲಿ ಓದಿಸಬೇಕು.

ದೂರದ ಪಾಠ ಕಲಿಯಲು ಹಾಲೆಂಡಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 1654ರ ಅಕ್ಟೋಬರ್ 12ರಂದು ಡೆಲ್ಫ್ಟ್ ಎಂಬ ಪಟ್ಟಣದಲ್ಲಿ ಹಳೆಯ ಮಠವೊಂದರಲ್ಲಿ ಇಟ್ಟಿದ್ದ ಮದ್ದು ಸಿಡಿದು ಊರಿನ ದೊಡ್ಡ ಭಾಗ ನೆಲಸಮವಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಚಿತ್ರಕಾರ ಕರೆಲ್ ಫಬ್ರಿಷಿಯಸ್ ಅವರಲ್ಲೊಬ್ಬ. ಆಮೇಲೆ ಹೊಸ ಮದ್ದಿನ ಮನೆಯನ್ನು ಊರಾಚೆ ಕಟ್ಟಿದರು. ಅದೇ ದೇಶದ ಎನ್‌ಸ್ಕೆಡೆ ಎಂಬ ಊರಿನಲ್ಲಿ 1970ರ ದಶಕದಲ್ಲಿ ಒಂದು ಪಟಾಕಿ ಗೋದಾಮು ಬಂತು. ಬಂದಾಗ ಅದು ಊರಿನ ಅಂಚಿನಲ್ಲಿತ್ತು. ಊರು ಬೆಳೆಯಿತು, ಗೋದಾಮಿನ ಸುತ್ತ ಮನೆಗಳಾದವು. 2000ದ ಮೇ 13ರಂದು ಅದು ಸಿಡಿದಾಗ 23 ಜನ ಸತ್ತರು, ಸುಮಾರು 400 ಮನೆಗಳು ನಾಶವಾದವು. ಮದ್ದು ಊರಿನ ಹತ್ತಿರ ಬಂದಿರಲಿಲ್ಲ, ಊರೇ ಮದ್ದಿನ ಹತ್ತಿರ ಹೋಗಿತ್ತು. ನಮ್ಮ ಊರುಗಳು ಬೆಳೆಯುತ್ತಿರುವ ರೀತಿಯನ್ನು ಕಂಡಾಗಲೆಲ್ಲ ಈ ಮಾತು ನೆನಪಾಗುತ್ತದೆ.

ನಮ್ಮಲ್ಲಿ ರಾಜನ ಬಯಲಿನಿಂದ ನಮ್ಮ ಓಣಿಗೆ ಮದ್ದು ಬಂದದ್ದು ಶಿವಕಾಶಿಯ ಮೂಲಕ. 1923ರಲ್ಲಿ ಅಲ್ಲಿನ ಇಬ್ಬರು ನಾಡಾರ್ ಬಂಧುಗಳು, ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್, ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. ಬೆಂಕಿಕಡ್ಡಿಯ ಹಿಂದೆ ಮತಾಪು ಬಂತು, 1940ರ ಈಚೆಗೆ ಪಟಾಕಿ ಕಾರ್ಖಾನೆಗಳು ಸಾಲಾಗಿ ಎದ್ದವು. ಮಳೆ ಕಡಿಮೆಯ, ಬೇಸಾಯ ಕೈಹತ್ತದ ಆ ಸೀಮೆಯ ಸಾವಿರಾರು ಮನೆಗಳಿಗೆ ಅದು ಅನ್ನವಾಯಿತು. ಕಾರ್ಖಾನೆಗಳಲ್ಲಿ ಸ್ಫೋಟಗಳಾಗಿ ಆ ಮನೆಗಳೇ ಹೆಣ ಎತ್ತಿದವು. ರಾಜನ ಬೊಕ್ಕಸಕ್ಕೆ ಮಾತ್ರ ನಿಲುಕುತ್ತಿದ್ದ ಬಾಣಬಿರುಸು ಹತ್ತು ರೂಪಾಯಿಗೂ ಸಿಗುವಂತಾಯಿತು. ಸಂತೋಷವೇ. ನಕ್ಷತ್ರಕಡ್ಡಿ, ಹೂಕುಂಡ, ಭೂಚಕ್ರ, ಹಾವಿನ ಮಾತ್ರೆ ಎಂದರೆ ನನಗೂ ಬಾಯಲ್ಲಿ ನೀರೂರುವಂಥ ಬಾಲ್ಯ. ಆದರೆ ಆಟ ಎಲ್ಲರ ಕೈಗೆ ಬಂದಾಗ ಅದರ ಜೊತೆ ಬಯಲು ಬರಲಿಲ್ಲ, ಕಸುಬು ಬಲ್ಲವರು ಬರಲಿಲ್ಲ, ಮದ್ದಿನ ಮನೆಯೂ ಬರಲಿಲ್ಲ. ಪಟಾಕಿಯೊಂದೇ ಬಂತು.

ಅದರ ಫಲವನ್ನು ನಾವು ಈಗ ಉಣ್ಣುತ್ತಿದ್ದೇವೆ. 2023ರ ಅಕ್ಟೋಬರ್ 7, ಶನಿವಾರ ಮಧ್ಯಾಹ್ನ, ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಹೆದ್ದಾರಿ ಪಕ್ಕದ ಪಟಾಕಿ ಮಳಿಗೆಗೆ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದಾಗ ಬೆಂಕಿ ಹೊತ್ತಿತು. ಒಳಗಿದ್ದವರಿಗೆ ಓಡಲು ದಾರಿಯಿರಲಿಲ್ಲ. ಅಂದೇ 14 ಸಾವು, ಆಮೇಲೆ ಆಸ್ಪತ್ರೆಯಲ್ಲಿ ಇನ್ನೂ ಕೆಲವರು. ಸತ್ತವರಲ್ಲಿ ಹಲವರು ಹಬ್ಬದ ಹೊತ್ತಿನಲ್ಲಿ ನಾಲ್ಕು ಕಾಸು ದುಡಿಯೋಣವೆಂದು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಎಳೆಯ ಹುಡುಗರು, ವಿದ್ಯಾರ್ಥಿಗಳು. ನನ್ನ ತರಗತಿಯಲ್ಲಿ ಕೂರುವಷ್ಟೇ ವಯಸ್ಸಿನವರು. ಮಾರನೆಯ ವರ್ಷ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕಾವೊಂದರಲ್ಲಿ ತೆಯ್ಯಂ ನಡೆಯುವಾಗ, ಹಚ್ಚಿದ ಪಟಾಕಿಯ ಕಿಡಿ ಹತ್ತಿರದಲ್ಲೇ ಕೂಡಿಟ್ಟಿದ್ದ ಪಟಾಕಿ ರಾಶಿಗೆ ಬಿತ್ತು. ಪಕ್ಕದಲ್ಲೇ ಜನ ನಿಂತಿದ್ದರು. 150ಕ್ಕೂ ಹೆಚ್ಚು ಮಂದಿಗೆ ಗಾಯ, ಕೆಲವರು ಬದುಕಲಿಲ್ಲ. ಅದೇ ವಾರದ ದೀಪಾವಳಿ ರಾತ್ರಿ ಬೆಂಗಳೂರಿನ ಕೋಣನಕುಂಟೆಯಲ್ಲಿ, ಹಚ್ಚಿದ ಪಟಾಕಿಯ ಮೇಲೆ ಮುಚ್ಚಿದ ಡಬ್ಬದ ಮೇಲೆ ಕೂತರೆ ಆಟೋ ಕೊಡಿಸುತ್ತೇವೆ ಎಂದು ಗೆಳೆಯರು ಕಟ್ಟಿದ ಪಣಕ್ಕೆ ಒಬ್ಬ ಯುವಕ ಜೀವ ತೆತ್ತ. ಮುಚ್ಚಿದ ಮದ್ದು ಏನು ಮಾಡುತ್ತದೆ ಎಂಬುದನ್ನು ಅಲ್ಲಿದ್ದ ಯಾರೂ ಯೋಚಿಸಿರಲಿಲ್ಲ.

ಸಾಯುವವರ ಸುದ್ದಿ ದೊಡ್ಡದಾಗಿ ಬರುತ್ತದೆ. ಪ್ರತಿ ವರ್ಷ ತಪ್ಪದೆ ಬರುವ ಸಣ್ಣ ಸುದ್ದಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯದು. ಹಬ್ಬದ ಮರುದಿನ ಅಲ್ಲಿ ಹತ್ತಿ ಅಂಟಿಸಿದ ಕಣ್ಣುಗಳ ಮಕ್ಕಳ ಫೋಟೊ. ಅವರಲ್ಲಿ ಪಟಾಕಿ ಹಚ್ಚಿದವರು ಎಷ್ಟೋ, ಸುಮ್ಮನೆ ನೋಡುತ್ತಾ ನಿಂತವರು, ರಸ್ತೆಯಲ್ಲಿ ಹೋಗುತ್ತಿದ್ದವರೂ ಅಷ್ಟೇ. ಬಿಟ್ಟವನು ಒಬ್ಬ, ಬಿದ್ದದ್ದು ಇನ್ನೊಬ್ಬನ ಮೇಲೆ. ಕೆಂದ ಹಸುವಿನ ಕಥೆಯೇ.

ಕಾನೂನು ಇಲ್ಲವೆಂದಲ್ಲ. ದೂರದ ಲೆಕ್ಕವನ್ನು ಕಾನೂನು ಮರೆತಿಲ್ಲ, ಮರೆತಿರುವುದು ನಾವು. 2008ರ ಸ್ಫೋಟಕ ನಿಯಮಗಳ ಪ್ರಕಾರ ಹಬ್ಬದ ತಾತ್ಕಾಲಿಕ ಪಟಾಕಿ ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್, ಅವುಗಳಿಗೂ ಜನವಸತಿಗೂ ನಡುವೆ 50 ಮೀಟರ್ ಅಂತರ ಬೇಕು, ಮಳಿಗೆಗಳು ಎದುರುಬದುರಾಗಿರಬಾರದು. ಒಂದು ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಅಳೆದಾಗ ಸದ್ದು 125 ಡೆಸಿಬಲ್ ಮೀರಕೂಡದು. ವಸತಿ ಪ್ರದೇಶಕ್ಕೆ ರಾತ್ರಿ ನಿಗದಿಯಾದ ಮಿತಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಬೇಡ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತು. 2018ರಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10, ಎರಡೇ ಗಂಟೆ ಎಂದಿತು. ಸರಪಟಾಕಿಯನ್ನೂ ಬೇರಿಯಂ ಬಳಸಿದ ಪಟಾಕಿಯನ್ನೂ ನಿಷೇಧಿಸಿತು. ಒಟ್ಟೊಟ್ಟಾಗಿ ಪಟಾಕಿ ಹೊಡೆಯಲು ಊರಲ್ಲಿ ಸಾಮೂಹಿಕ ಜಾಗ ಗುರುತಿಸುವ ಮಾತನ್ನೂ ಆಡಿತು. ಅತ್ತಿಬೆಲೆಯ ನಂತರ ರಾಜ್ಯ ಸರ್ಕಾರ ಮದುವೆ, ಗಣೇಶೋತ್ಸವ, ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ಕೂಡದು ಎಂದು ಘೋಷಿಸಿತು. ಅಮ್ಮನ ಫೋನಿನಲ್ಲಿ ನಾನು ಕೇಳಿದ್ದು ಸರಪಟಾಕಿಯೇ. ನಾಲ್ಕು ಮೀಟರ್ ಎಂದರೆ ಹದಿಮೂರು ಅಡಿ. ನಮ್ಮ ಓಣಿಯ ಅಗಲವೇ ಹೆಚ್ಚುಕಡಿಮೆ ಅಷ್ಟು. ಎದುರು ಮನೆಯ ಮೆಟ್ಟಿಲ ಮುಂದೆ ಹಚ್ಚಿದ್ದು ನಮ್ಮ ಮನೆಯ ತೊಟ್ಟಿಲ ಪಕ್ಕದಲ್ಲಿ ಹಚ್ಚಿದಂತೆಯೇ.

ಹಬ್ಬದ ದಿನ ಒಂದಿಷ್ಟು ಸದ್ದು ಸಹಿಸಬಾರದೇ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಬ್ಬದ ದಿನ ಮಾತ್ರವಾಗಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇನೋ. ಈಗ ಕ್ರಿಕೆಟ್ ಗೆದ್ದರೂ ಪಟಾಕಿ, ವಾರ್ಡ್ ಎಲೆಕ್ಷನ್ ಗೆದ್ದರೂ ಪಟಾಕಿ, ಸಿನಿಮಾ ಬಿಡುಗಡೆಗೂ, ಹೊಸವರ್ಷಕ್ಕೂ, ಮೆರವಣಿಗೆಗೂ, ಕಡೆಗೆ ಹೆಣ ಹೊರುವಾಗಲೂ ಪಟಾಕಿ. ಇದು ಒಂದು ಮತದ, ಒಂದು ಪಕ್ಷದ ಚಾಳಿಯಲ್ಲ. ಹಾಗೆಯೇ ಸಂಪೂರ್ಣ ನಿಷೇಧವೆಂದು ಕೂಗುವವರ ಜೊತೆಗೂ ನಾನಿಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಬೆಂಕಿಯ ಹೂವಿನಲ್ಲಿ ಸಿಗುವ ಖುಷಿ ಎಂಥದೆಂದು ನನಗೆ ಗೊತ್ತು. ನನ್ನ ತಕರಾರು ಪಟಾಕಿ ಯಾಕೆ ಎಂಬುದರ ಬಗ್ಗೆ ಅಲ್ಲ, ಎಲ್ಲಿ ಎಂಬುದರ ಬಗ್ಗೆ.

ಈ ‘ಎಲ್ಲಿ’ ಎಂಬುದಕ್ಕೆ ಮೈಸೂರು ಈಗಲೂ ಒಂದು ಮಾದರಿ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಅದಕ್ಕೆ ವಾರಗಳ ಮೊದಲೇ ಆನೆ ಕುದುರೆಗಳನ್ನು ಕರೆತಂದು ತೋಪಿನ ಸದ್ದಿಗೆ ತಾಲೀಮು ಕೊಡುತ್ತಾರೆ. ಮೊದಲ ಸಲ ದೂರ ನಿಲ್ಲಿಸಿ, ಬೆದರಿದರೆ ಸಮಾಧಾನ ಮಾಡಿ, ಮತ್ತೆ ಮತ್ತೆ. ವರ್ತೆಮಾ ಕಂಡ ಹೆದರಿಕೆಯನ್ನು ಮಾವುತರು ಇಂದಿಗೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಬನ್ನಿಮಂಟಪದ ವಿಶಾಲ ಮೈದಾನದಲ್ಲಿ ಪಂಜಿನ ಕವಾಯತು. 2024ರಲ್ಲಿ ಅಲ್ಲೇ ಆಕಾಶದಲ್ಲಿ ಡ್ರೋನ್‌ಗಳ ಚಿತ್ತಾರ ಮೂಡಿಸಿದಾಗ ಬೆಂಕಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ, ಜನ ಮಾತ್ರ ಬಾಯಿ ಬಿಟ್ಟುಕೊಂಡು ನೋಡಿದರು. ಅಂಬಾರಿ ಹೊರುವ ಆನೆಗೆ ತಾಲೀಮು ಇದೆ. ನಮ್ಮ ಓಣಿಯ ಬೀದಿನಾಯಿಗೆ, ಪಕ್ಕದ ಮನೆಯ ಎರಡು ತಿಂಗಳ ಕೂಸಿಗೆ, ಹೃದಯದ ಮಾತ್ರೆ ನುಂಗುವ ನನ್ನ ತಾಯಿಗೆ ಯಾರು ತಾಲೀಮು ಕೊಟ್ಟರು?

ಈ ವರ್ಷ ನಾನೊಂದು ಸಣ್ಣ ಕೆಲಸಕ್ಕೆ ಕೈಹಾಕಿದ್ದೇನೆ. ನಮ್ಮ ಓಣಿಯ ಹುಡುಗರನ್ನು ಗುಡ್ಡೆ ಹಾಕಿಕೊಂಡು, ಪಟಾಕಿ ಬೇಡ ಎನ್ನಲಿಲ್ಲ, ಕಥೆ ಹೇಳಿದೆ. ಪೊಳ್ಳಿಲೂರು, ಶ್ರೀರಂಗಪಟ್ಟಣ, ಅತ್ತಿಬೆಲೆ, ಕಡೆಗೆ ಕೆಂದ ಹಸು. ಬೆನ್ನ ಮೇಲಿನ ಬೋಳು ಪಟ್ಟಿಯ ಮಾತು ಬಂದಾಗ ಗಲಾಟೆ ನಿಂತಿತು. ಅಷ್ಟು ವರ್ಷವಾದ ಮೇಲೂ ಆ ಬಾಣ ಹಚ್ಚಿದವನು ನಾನೇ ಎಂದು ಬಾಯಿಬಿಟ್ಟು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಹಬ್ಬದ ದಿನ ಸಂಜೆ ಎಂಟಕ್ಕೆ ಎಲ್ಲರೂ ತಂತಮ್ಮ ಪಟಾಕಿ ತೆಗೆದುಕೊಂಡು ಮೈದಾನಕ್ಕೆ ಹೋಗೋಣ, ನಾನು ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ತರುತ್ತೇನೆ, ರಾಕೆಟ್ ನಿಲ್ಲಿಸಲು ಬಾಟಲಿ ಬೇಡ, ನೆಲಕ್ಕೆ ಹೂತ ಕೊಳವೆ ಹಾಕೋಣ ಎಂದೆ. ಹತ್ತಕ್ಕೆ ಮನೆ. ಒಬ್ಬಿಬ್ಬರು ಮೂತಿ ತಿರುವಿದರು, ಉಳಿದವರು ಒಪ್ಪಿದರು. ಅಮ್ಮನಿಗೆ ಹೇಳಿದಾಗ, ‘ಹಂಗಾದ್ರೆ ನಾನೂ ಮಹಡಿ ಮೇಲೆ ಕುರ್ಚಿ ಹಾಕ್ಕೊಂಡು ನೋಡ್ತೀನಿ ಬಿಡು. ಚಿಕ್ಕೋಳಿದ್ದಾಗ ನಂಗೂ ಹೂಕುಂಡ ಅಂದ್ರೆ ಇಷ್ಟ’ ಎಂದಳು.

ಹೊರಡುವಾಗ ಒಬ್ಬ ಹುಡುಗ ಕೇಳಿದ: ‘ಸಾರ್, ಮನೆಗಳಿಂದ ಎಷ್ಟು ದೂರ ಹೋಗ್ಬೇಕು?’ ಐವತ್ತು ಮೀಟರ್, ನೂರು ಮೀಟರ್ ಎಂದು ನಿಯಮದ ಲೆಕ್ಕ ಬಾಯಿಗೆ ಬಂತು. ಹೇಳಲಿಲ್ಲ. ‘ಬಾಣ ಅಡ್ಡ ಹೋದ್ರೂ ಯಾರ ಮಾಡಿಗೂ ಮುಟ್ಟಬಾರದು, ಅಷ್ಟು ದೂರ’ ಎಂದೆ.